ಎರಡು ಲಕೋಟೆಯ ರಾಜಿ

ಹನ್ನೊಂದನೇ ತಾರೀಖು, ಮಂಗಳವಾರ, ರಾತ್ರಿ

ಕೈಯಿಂದ ಒಂದು ಕಾಸೂ ಬಿಚ್ಚದೆ ಜಗತ್ತಿನ ಯಾವ ಜಗಳವನ್ನಾದರೂ ಬಿಡಿಸಬಲ್ಲವನು ನಾನೊಬ್ಬನೇ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನನ್ನು ಈ ಕಟ್ಟಡದ ಹನ್ನೆರಡು ಮನೆಯವರು ಸುಮ್ಮನೆ ಸಂಘದ ಅಧ್ಯಕ್ಷ ಮಾಡಿದ್ದಾರೆಯೇ?

ಮೇಲಿನ ನೀರಿನ ಟ್ಯಾಂಕು ಸೋರುತ್ತಿದೆ. ಇನ್ನೊಂದು ವಾರ ಬಿಟ್ಟರೆ ನಲ್ಲಿಯಲ್ಲಿ ಬರೀ ಗಾಳಿ. ರಿಪೇರಿಗೆ ಎಲ್ಲರ ಸಹಿ ಬೇಕು. ಇಬ್ಬರದು ಮಾತ್ರ ಬಾಕಿ ಇತ್ತು. ಮೂರನೇ ಮಹಡಿಯ ಮೇಷ್ಟ್ರ ಹೂಕುಂಡ ಬಿದ್ದು ಎರಡನೇ ಮಹಡಿಯ ನರ್ಸಮ್ಮನ ಸ್ಕೂಟರಿನ ಕನ್ನಡಿ ಒಡೆದಿತ್ತಲ್ಲ, ಅದೇ ರಗಳೆ.

"ಕನ್ನಡಿ ದುಡ್ಡು ಬರಲಿ, ಆಮೇಲೆ ಸಹಿ" ಅಂತ ಆಯಮ್ಮ. "ನನ್ನ ಕುಂಡ ಯಾರು ಕೊಡ್ತಾರೆ? ಗೋಡೆಗೆ ಒತ್ತಿ ಗಾಡಿ ನಿಲ್ಲಿಸಿದ್ದು ಯಾರು?" ಅಂತ ಮೇಷ್ಟ್ರು.

ಇವತ್ತು ದುಡ್ಡಿಟ್ಟು ಎರಡು ಲಕೋಟೆ ಮಾಡಿದೆ, ಒಂದನ್ನು ಮೇಷ್ಟ್ರ ಕೈಗಿಟ್ಟೆ. "ನರ್ಸಮ್ಮ ನೊಂದ್ಕೊಂಡು ಕಳ್ಸಿದ್ದಾರೆ ಮೇಷ್ಟ್ರೇ, ಎದುರಿಗೆ ಬರೋಕೆ ಸಂಕೋಚ" ಅಂದೆ. ಕೆಳಗಿಳಿದು ನರ್ಸಮ್ಮನಿಗೂ ಅದೇ ಪಾಠ ಒಪ್ಪಿಸಿದೆ. ಒಬ್ಬರಾದರೂ ಬೇಡ ಅಂತಾರೆ ಅಂದುಕೊಂಡಿದ್ದೆ. ಇಬ್ಬರೂ ಎಣಿಸಿ ಒಳಗಿಟ್ಟು ಸಹಿ ಹಾಕಿದರು.

ಸಂಜೆ ಮೆಟ್ಟಿಲ ಮೇಲೆ ಒಂದೇ ನಗು. "ನಿಮ್ಮದು ದೊಡ್ಡ ಮನಸ್ಸು ಮೇಷ್ಟ್ರೇ." "ಅಯ್ಯೋ, ನಿಮ್ಮದೇ ದೊಡ್ಡದಮ್ಮ." ದೊಡ್ಡ ಮನಸ್ಸಿನ ಮೂರನೆಯವನು ಕಂಬದ ಹಿಂದೆ ನಿಂತು ಕೇಳಿಸಿಕೊಂಡ.

"ಎಷ್ಟು ಕೈಬಿಡ್ತು ರೀ?" ಅಂತ ಇವಳು. ಇನ್ನೂರು ಅಂದೆ. "ಇನ್ನೂರಕ್ಕೆ ನಗೋ ಪೈಕಿ ಅಲ್ಲ ಆ ಮೇಷ್ಟ್ರು" ಅಂತ ಮಗ್ಗುಲಾದಳು.

ನಾಳೆ ಟ್ಯಾಂಕಿನ ಕೆಲಸ ಶುರು. ಮನಸ್ಸು ಹಾಯಾಗಿದೆ. ಈ ಪುಟಕ್ಕೆ ಮೊದಲ ಸಾಲಿನ ಸುಳ್ಳೇ ಸಾಕು. ಹೋದದ್ದು ಸಾವಿರದ ಎಂಟುನೂರು.