ಇಪ್ಪತ್ತೆರಡು ಪುಟ್ಟ ಫೈಲು

೬ ಮಾರ್ಚ್ ೨೦೦೬, ಸೋಮವಾರ

ಇವತ್ತೂ ಅದೇ ಫೈಲು. ರಕ್ತದಾನಿಗಳ ವೆಬ್‌ಸೈಟಿನ ಬಣ್ಣ, ಅಕ್ಷರ, ಅಂಚು ಎಲ್ಲ ಒಂದೇ ಸ್ಟೈಲ್‌ಶೀಟಿನಲ್ಲಿ... ಎರಡೂವರೆ ಸಾವಿರ ಸಾಲು. ಫಾರಂ ಸರಿಮಾಡಿದರೆ ದಾನಿಗಳ ಪಟ್ಟಿ ಕೆಡುತ್ತದೆ. ಬಿಡಿಸಿ ಇಡದೆ ಬಿಡುವುದಿಲ್ಲ.

೧೫ ಮಾರ್ಚ್

ಮುಗಿಯಿತು. ಒಂದರ ಬದಲು ಇಪ್ಪತ್ತೆರಡು. ತಲೆಬರಹಕ್ಕೊಂದು, ಫಾರಂಗೊಂದು, ಪಟ್ಟಿಗೊಂದು. ಎಲ್ಲವನ್ನೂ ಕರೆಯಲು ಒಂದು ಮುಖ್ಯ ಫೈಲು. ನಮ್ಮ ಆಫೀಸಿನ ಮುಖ್ಯಸ್ಥ ಕೃಷ್ಣಪ್ಪ ಸಾರ್ ನೋಡಿ, "ಚೆನ್ನಾಗಿ ಜೋಡ್ಸಿದೀಯ ಕುಸುಮಾ. ಸೈಟಿಗೆ ಹಾಕ್ಬಿಡಮ್ಮ" ಅಂದರು. ರಾಜಾಜಿನಗರದ ಆಫೀಸಿನ ಬ್ರಾಡ್‌ಬ್ಯಾಂಡಿನಲ್ಲಿ ಥಟ್ಟನೆ ಪುಟ ಬಂತು. ಹೆಮ್ಮೆಯಾಯಿತು, ಸುಳ್ಳು ಯಾಕೆ.

೨೯ ಮಾರ್ಚ್, ಮಧ್ಯಾಹ್ನ ೧೨

ಆಫೀಸಿಗೆ ಫೋನ್. ಲಗ್ಗೆರೆಯ ದುಂಡಪ್ಪ, ಪೀಣ್ಯದಲ್ಲಿ ಕೆಲಸ. ಹೆಂಡತಿ ಕಲಾವತಿಗೆ ಹೆರಿಗೆ. ಓ ನೆಗೆಟಿವ್ ಬೇಕು, ತುರ್ತು. ನಮ್ಮ ನಂಬರ್ ರಕ್ತದಾನಿಗಳ ಸಂಘದವರು ಕೊಟ್ಟರಂತೆ.

"ಎರಡು ಸೈಬರ್ ಸೆಂಟರ್ ತಿರುಗಿದ್ನಿರಿ ಮೇಡಂ. ಬರೇ ಬಿಳೀ ಹಾಳಿ ಬರತೈತಿ. ಕೆಟ್ಟೈತಿ ಅಂತ ಎದ್ದು ಬಂದ್ನಿ."

ಪಟ್ಟಿ ತೆಗೆದು ನಾಲ್ಕು ನಂಬರ್ ಓದಿದೆ. ಅವರ ನಂಬರನ್ನೂ ಬರೆದುಕೊಂಡೆ.

ಸಂಜೆ ೫

ಲಗ್ಗೆರೆಗೆ ಹೋದೆ. ಸೈಬರ್ ಸೆಂಟರಿನಲ್ಲಿ ಫೋನ್ ಲೈನಿನ ನಿಧಾನ ಡಯಲ್‌ಅಪ್. ನಮ್ಮ ಪುಟ ಒಂದು ನಿಮಿಷ ಹತ್ತು ಸೆಕೆಂಡು ಖಾಲಿ. ನನ್ನ ಫೈಲುಗಳು ಒಂದಾದ ಮೇಲೊಂದು ಬರುತ್ತಿವೆ. ಕೊನೆಯದು ಬರುವ ತನಕ ಒಂದಕ್ಷರವೂ ಕಾಣುವುದಿಲ್ಲ. ಹಳೆಯ ಒಂದೇ ಫೈಲು ಹಾಕಿ ನೋಡಿದೆ. ಹದಿನೆಂಟು ಸೆಕೆಂಡು.

೩೧ ಮಾರ್ಚ್

"ನನ್ನ ತಪ್ಪು ಸಾರ್" ಅಂದೆ.

"ನಾನೂ ಇಲ್ಲೇ ಕೂತು ನೋಡ್ದೆ ಕಣಮ್ಮ."

ಬರೆಯುವ ನಮಗೆ ಇಪ್ಪತ್ತೆರಡೇ ಇರಲಿ. ಸೈಟಿಗೆ ಹಾಕುವ ಮುಂಚೆ ಎಲ್ಲ ಸೇರಿಸಿ ಒಂದೇ ಮಾಡಬೇಕು, ಸಾಲುಗಳ ನಡುವಿನ ಖಾಲಿ ಜಾಗ ತೆಗೆದು. ಮಾಡಿದೆ. ಇಷ್ಟೇ ಇದ್ದದ್ದು.

೧೧ ಏಪ್ರಿಲ್

ಹದಿಮೂರು ದಿನ ದುಂಡಪ್ಪನವರ ನಂಬರ್ ಪರ್ಸಿನಲ್ಲಿತ್ತು. ಇವತ್ತು ಫೋನ್ ಮಾಡಿದೆ. ಕಲಾವತಿಯವರ ವಿಷಯ ಕೇಳದೆ, ಸೈಟ್ ಸರಿಹೋಗಿದೆ ಅಂತ ಶುರುಮಾಡಿದೆ... ಹೇಡಿ.

"ನೋಡೇನ್ರಿ. ಈಗ ಲಗೂನ ಬರತೈತಿ. ಅವತ್ತ ರಕ್ತ ಕೊಡಾವ್ರು ಬರೂದ್ರಾಗ ಅಕಿ ಹೋಗಿದ್ಲು. ಕೂಸು ಐತ್ರಿ."

ಅವರೇ ಹೇಳಿದರು, "ನಿಮ್ಮ ಪಟ್ಟಿಯಾಗ ನನ್ನ ಹೆಸರೂ ಹಾಕ್ರಿ."

ಹಾಕಿದೆ. ಸಂಜೆ ಅದೇ ಸೈಬರ್ ಸೆಂಟರಿನಲ್ಲಿ ಗಡಿಯಾರ ನೋಡುತ್ತ ಕೂತೆ. ಹದಿನಾಲ್ಕನೆಯ ಸೆಕೆಂಡಿಗೆ ಬಂತು: ದುಂಡಪ್ಪ, ಲಗ್ಗೆರೆ, ಬಿ ಪಾಸಿಟಿವ್. ಅವತ್ತೂ ಹದಿನಾಲ್ಕೇ ಆಗಿದ್ದರೆ...