ಏಳನೆಯ ತಟ್ಟೆ

ಬುಧವಾರ, ೧೪

ಏಳನೆಯ ತಟ್ಟೆ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.

ನಾನು ಗಾಜಿನ ತಟ್ಟೆಯಲ್ಲಿ ಬೆಳೆಸುವ ಹೃದಯದ ಜೀವಕೋಶಗಳು ಮೊದಲು ತಮ್ಮ ಪಾಡಿಗೆ ತಾವು ಮಿಡಿಯುತ್ತವೆ. ಒಂದಕ್ಕೊಂದು ಅಂಟಿಕೊಂಡ ಮೇಲೆ ನಡುವೆ ಸಣ್ಣ ಕಿಂಡಿಗಳು ತೆರೆದು, ಎಲ್ಲವೂ ಒಂದೇ ತಾಳಕ್ಕೆ ಬರುತ್ತವೆ. ಎಂಟು ವರ್ಷ ನೋಡಿದರೂ ಅದು ನನಗೆ ಹಳತಾಗಿಲ್ಲ.

ಇವತ್ತು ಬೆಳಿಗ್ಗೆ ಹನ್ನೆರಡು ತಟ್ಟೆಗಳಿಗೂ ಹೊಸ ಔಷಧಿಯ ಹನಿ ಹಾಕಿದೆ. ಹನ್ನೊಂದು ಗಂಟೆಗೆ ಏಳನೆಯದರ ಅಂಚಿನ ನಾಲ್ಕೈದು ಕೋಶಗಳು ತಾಳ ತಪ್ಪಿದವು. ಪಕ್ಕದವು ತಿದ್ದುತ್ತವೆ ಎಂದುಕೊಂಡೆ. ತಿದ್ದಲಿಲ್ಲ, ಅವೂ ಹಾಗೇ ಮಿಡಿಯತೊಡಗಿದವು. ಊಟ ಮುಗಿಸಿ ಬರುವಷ್ಟರಲ್ಲಿ ತಟ್ಟೆಯೆಲ್ಲ ಅದೇ ತಪ್ಪು ತಾಳ. ನಾಲ್ಕು ಗಂಟೆಗೆ ಎಲ್ಲವೂ ಒಟ್ಟಿಗೆ ನಿಂತವು.

ಸಂಜೆ ಮೀಟಿಂಗಿನಲ್ಲಿ ಹೇಳಿದೆ. ನಮ್ಮ ಮೇಲಿನವರು ಪೆನ್ನಿಗೆ ಮುಚ್ಚಳ ಹಾಕುತ್ತಾ, "ಉಳಿದ ಹನ್ನೊಂದು ತಟ್ಟೆ ಚೆನ್ನಾಗೇ ಇವೆಯಲ್ಲ. ಇದರಲ್ಲಿ ಕೋಶಗಳೇ ಸರಿ ಇರ್ಲಿಲ್ಲ ಅಂತ ಬರೆದು ಬಿಟ್ಬಿಡೋಣ. ಏನಂತೀರಿ?" ಅಂದರು.

ಅವರ ಪಕ್ಕದ ಡಾಕ್ಟರು ಹೂಂ ಎಂದು ತಲೆಯಾಡಿಸಿದರು. ಅವರನ್ನು ನೋಡಿ ಅಂಕಿಅಂಶದ ಹುಡುಗಿ. ಆಮೇಲೆ ನನ್ನ ಪಕ್ಕದಲ್ಲಿದ್ದ ಗೆಳತಿ. ಬೆಳಿಗ್ಗೆ ನನ್ನ ಜೊತೆಯೇ ಸೂಕ್ಷ್ಮದರ್ಶಕದಲ್ಲಿ ನೋಡಿ, "ಇದ್ಯಾಕೋ ಸರಿ ಕಾಣ್ತಿಲ್ಲ ಕಣೇ" ಅಂದಿದ್ದವಳು ಅವಳೇ. ಎಲ್ಲರೂ ನನ್ನ ಕಡೆ ತಿರುಗಿದರು.

ಸೋಮವಾರ ಮೊದಲ ಮನುಷ್ಯನಿಗೆ ಇದೇ ಔಷಧಿಯ ಮಾತ್ರೆ ಕೊಡುತ್ತೇವೆ. ವಯಸ್ಸಾದವರು, ನಿವೃತ್ತ ಟೈಲರ್. ಹೋದ ವಾರ ಅವರ ಒಪ್ಪಿಗೆ ಫಾರ್ಮ್ ತುಂಬಿಸಿದ್ದು ನಾನೇ. ಸಹಿ ಹಾಕುವ ಮೊದಲು, "ಹೃದಯಕ್ಕೇನೂ ಆಗಲ್ಲ ತಾನೇ, ಮಗಳೇ?" ಅಂತ ಕೇಳಿದ್ದರು.

ಆವತ್ತು ಹೂಂ ಎಂದು ತಲೆಯಾಡಿಸಿದ್ದೆ. ಆವತ್ತು ನನಗೆ ಗೊತ್ತಿರಲಿಲ್ಲ.

ಇವತ್ತೂ ಹಾಗೇ ತಲೆಯಾಡಿಸಿದೆ, ಎಲ್ಲರ ಜೊತೆ.