ಪಿಸ್ಟನ್ ನಲವತ್ತು ಕೆಜಿ ಆಗುವವರೆಗೆ

ಗುಜರಿ ಅಂಗಡಿಯ ಏಕಚಕ್ರಾಧಿಪತಿಗಳೂ, ಸದ್ಯಕ್ಕೆ ಆಸ್ಪತ್ರೆಯ ಕಿಟಕಿ ಪಕ್ಕದ ಮಂಚದ ನಿವಾಸಿಗಳೂ ಆದ ನನ್ನ ಪ್ರೀತಿಯ ಮಾವನಿಗೆ,

ಸಮಸ್ತ ಲೋಕಕ್ಕೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ನಮ್ಮ ನಾಯಿ ಪಿಸ್ಟನ್ ಮಹಾಶಯನು ಯಾರ ನೆರವೂ ಇಲ್ಲದೆ ಎದ್ದು, ಸರಪಳಿ ಎಳೆದುಕೊಂಡು ನಾಲ್ಕು ಹೆಜ್ಜೆ ನಡೆದು, ಕ್ರೇನಿನ ಮುಂಚಕ್ರದ ಮೇಲೆ ಹಿಂಗಾಲೆತ್ತಿ ಮೂತ್ರ ವಿಸರ್ಜನೆ ಮಾಡಿದನು. ಅದರಲ್ಲಿ ರಕ್ತವಿರಲಿಲ್ಲ. ಅತ್ತೆ ಚಕ್ರದ ಹತ್ತಿರ ಬಗ್ಗಿ ಪರೀಕ್ಷೆ ಮಾಡಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ಇಷ್ಟು ವರ್ಷದ ಸಂಸಾರದಲ್ಲಿ ನಿಮ್ಮ ಯಾವ ಸಾಧನೆಗೂ ಅವರು ಹೀಗೆ ಆನಂದಬಾಷ್ಪ ಸುರಿಸಿದ್ದನ್ನು ನಾನು ಕಂಡಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಸಂತೋಷದ ಸುದ್ದಿ ಇಷ್ಟೇ. ನಿಮ್ಮ ಆಜ್ಞೆ ಇನ್ನೂ ಜಾರಿಯಲ್ಲಿದೆ. ಆಂಬುಲೆನ್ಸಿಗೆ ಹತ್ತಿಸುವಾಗ ನೀವು ಗ್ಯಾಸಣ್ಣನ ಕಾಲರ್ ಹಿಡಿದು ಹೇಳಿದ್ದು ಬೀದಿಗೆಲ್ಲ ಕೇಳಿಸಿದೆ: "ನಾನು ವಾಪಸ್ ಬರೋದ್ರೊಳಗೆ ಆ ನಾಯಿ ಇರಬಾರ್ದು. ಪೈಪ್ ತಗೋ. ತಲೆಗೆ ಒಂದೇ ಏಟು." ನೀವು ಸೋಮವಾರ ಮನೆಗೆ ಬರುತ್ತೀರಿ. ಲಾರಿಯ ಚಾಸಿಯನ್ನು ಗ್ಯಾಸಿನಲ್ಲಿ ಬೆಣ್ಣೆಯಂತೆ ಕೊಯ್ಯುವ ಗ್ಯಾಸಣ್ಣ, ನಿಮ್ಮ ಮಾತು ಬಿಟ್ಟರೆ ಯಾರ ಮಾತನ್ನೂ ಕೇಳುವವನಲ್ಲ. ಅವನು ಪೈಪನ್ನು ಆರಿಸಿ ಬಾಗಿಲ ಪಕ್ಕದಲ್ಲಿ ಇಟ್ಟಿದ್ದಾನೆ. ಆದ್ದರಿಂದಲೇ ಈ ಪತ್ರ. ನಿಮಗೆ ಓದಿನ ಅಭ್ಯಾಸವಿಲ್ಲವೆಂದು ಬಲ್ಲೆ. ನನ್ನ ಅಂಕಣ ಬರುವ ಪತ್ರಿಕೆಯನ್ನು ನೀವು ಪ್ರತಿ ವಾರ ತಪ್ಪದೆ ತೂಕಕ್ಕೆ ಹಾಕಿಸಿಕೊಳ್ಳುತ್ತೀರಿ, ಓದುವುದಿಲ್ಲ. ಇದೊಂದನ್ನು ಓದಿ, ಆಮೇಲೆ ತೂಕಕ್ಕೆ ಹಾಕಿ.

ಪಿಸ್ಟನ್ ನಮಗೆ ಸಿಕ್ಕಿದ್ದು ನೆನಪಿದೆಯಲ್ಲ? ಗುಜರಿಗೆ ಬಂದ ಕಾರಿನ ಡಿಕ್ಕಿ ತೆಗೆದರೆ, ಒಳಗೆ ತುಕ್ಕು ಹಿಡಿದ ಜ್ಯಾಕಿನ ಜೊತೆ ಒಂದು ಮರಿ. ಕೈ ಹಾಕಿದ ನಿಮ್ಮ ಹೆಬ್ಬೆರಳನ್ನೇ ಕಚ್ಚಿ ಹಿಡಿಯಿತು. "ನೋಡ್ರೋ, ನಮ್ಮ ಮನೆತನದ್ದೇ!" ಎಂದು ನೀವು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಿರಿ. ಅದರ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಹಾಗಾಗಿ, ಬೀಜ ತೆಗೆಸುವುದು ಯಾವ ವಯಸ್ಸಿಗೆ ಎಂಬ ಪ್ರಶ್ನೆ ಎದ್ದಾಗ ನಮ್ಮ ಮನೆಯಲ್ಲಿ ಮಹಾಯುದ್ಧವೇ ನಡೆಯಿತು. ಅತ್ತೆ "ಚಿಕ್ಕದ್ರಲ್ಲೇ ಮಾಡ್ಸಿಬಿಡ್ರೀ, ಆಮೇಲೆ ನಿಮ್ಮ ಥರ ಆಗತ್ತೆ" ಎಂದರು. ಗ್ಯಾಸಣ್ಣ ತನಗೇ ಕತ್ತರಿ ಹಾಕುತ್ತಾರೇನೋ ಎಂಬಂತೆ ಕಾಲು ಜೋಡಿಸಿಕೊಂಡು, "ಅದನ್ನ ತೆಗೆದ್ರೆ ನಾಯಿ ಕಾವಲು ಕಾಯಲ್ಲ ಯಜಮಾನ್ರೇ, ಕಳ್ಳ ಬಂದ್ರೆ ಕುರ್ಚಿ ಹಾಕತ್ತೆ" ಎಂದ. ನೀವು ತಟ್ಟೆ ಎಸೆದಿರಿ. ಅತ್ತೆ ಲೋಟ ಎಸೆದರು. ಚರ್ಚೆ ಎಂದರೆ ನಮ್ಮಲ್ಲಿ ಹೀಗೇ.

ಕೊನೆಗೆ ನಾಯಿ ಡಾಕ್ಟರಮ್ಮನ ಬಳಿ ಹೋದೆವು. ಅವರು ಮರಿಯ ಪಾದವನ್ನು ಅಂಗೈಯಲ್ಲಿಟ್ಟು ನೋಡಿ ಹೇಳಿದ್ದು: "ಇದು ದೊಡ್ಡ ಜಾತಿ. ಮೂಳೆ ಬಲಿಯೋ ಮುಂಚೆ ಮಾಡಿದ್ರೆ ಕೀಲು ಕೆಡಬಹುದು. ವಯಸ್ಸು ಗೊತ್ತಿಲ್ಲ ಅಂದ್ರೆ ತೂಕ ನೋಡ್ತಾ ಇರಿ. ನಲವತ್ತರ ಹತ್ತಿರ ಹೋಗಿ ನಿಲ್ಲತ್ತೆ. ನಿಂತ ಮೇಲೆ ತಡ ಮಾಡ್ಬೇಡಿ, ಕರ್ಕೊಂಡು ಬನ್ನಿ."

ತೂಕ! ನಿಮ್ಮ ಮುಖ ಅರಳಿದ್ದನ್ನು ನೋಡಬೇಕಿತ್ತು. ಪ್ರಪಂಚದಲ್ಲಿ ನೀವು ನಂಬುವ ಶಾಸ್ತ್ರ ಅದೊಂದೇ. ಪ್ರತಿ ಭಾನುವಾರ ಪಿಸ್ಟನ್‌ನನ್ನು ಅಂಗಡಿಯ ತೂಕದ ಮಿಷನ್ ಮೇಲೆ ಹತ್ತಿಸಿ, ಪಟ್ಟಾಭಿಷೇಕದ ಗಾಂಭೀರ್ಯದಿಂದ ಅಂಕಿ ಕೂಗುತ್ತಿದ್ದಿರಿ. ಮೂವತ್ತಾರಕ್ಕೆ ಬಂದು ಅಂಕಿ ನಿಂತಿತು. "ಇನ್ನೂ ನಾಲ್ಕು ಬೆಳೀಬೇಕು, ಮಗು ಅದು" ಎಂದು ಮೊಟ್ಟೆ ಹಾಕಿದಿರಿ, ಮಾಂಸ ಹಾಕಿದಿರಿ. ತಿಂಗಳುಗಳು ಉರುಳಿದವು. ಮಗು ಆಟೋದ ಸೀಟುಗಳನ್ನು ಸಿಗಿದು ಹಾಕಿತು, ಗೇಟಿನ ಸರಳನ್ನು ಕಚ್ಚಿ ಬಗ್ಗಿಸಿತು. ಅಂಕಿ ಮಾತ್ರ ಮೂವತ್ತಾರು.

ಆಮೇಲೆ ಆ ಮಧ್ಯಾಹ್ನ ಬಂತು. ವೆಲ್ಡಿಂಗ್ ಅಂಗಡಿಯ ಹೆಣ್ಣುನಾಯಿ ಬೆದೆಗೆ ಬಂದಿತ್ತು. ನಾನು ಮೇಲಿನ ಕೋಣೆಯ ಕಿಟಕಿಯಲ್ಲಿದ್ದೆ. ಪಿಸ್ಟನ್ ಕೊಳವೆಗಳ ರಾಶಿ ಹತ್ತಿ ಗೋಡೆ ಹಾರಿದ. ಕಳ್ಳರಿಗೆಂದು ನೀವು ನೆಟ್ಟ ಗಾಜಿನ ಚೂರು ಅವನ ಹೊಟ್ಟೆಯನ್ನು ಉದ್ದಕ್ಕೂ ಗೀರಿತು. ಅವನಿಗದು ಗೊತ್ತಾದಂತೆಯೇ ಕಾಣಲಿಲ್ಲ. ಬೀದಿಯಲ್ಲಿ ಟೈರ್ ಅಂಗಡಿಯವನ ಕರಿ ನಾಯಿ ಕಾದು ನಿಂತಿತ್ತು. ಬೊಗಳಾಟ ಇರಲಿಲ್ಲ. ಬೊಗಳುತ್ತಿವೆ ಎಂದರೆ ಇನ್ನೂ ಮಾತುಕತೆ ನಡೆದಿದೆ ಎಂದರ್ಥ; ಇಲ್ಲಿ ಮೊದಲೇ ಹಲ್ಲು. ಎರಡೂ ಒಂದೇ ಪ್ರಾಣಿಯಾದಂತೆ ಉರುಳಿ ಬಂದು ಚರಂಡಿಯ ಕಲ್ಲಿಗೆ ಬಡಿದವು. ಕರಿಯದರ ಕಿವಿ ಬುಡಸಮೇತ ಕಿತ್ತು ಬಂತು. ಪಿಸ್ಟನ್ ಅದನ್ನು ಉಗಿದು ಮತ್ತೆ ಕುತ್ತಿಗೆಗೆ ಬಾಯಿ ಹಾಕಿದ. ವೆಲ್ಡಿಂಗಿನವರು ಬಕೆಟ್ಟುಗಟ್ಟಲೆ ನೀರೆರಚಿದರು. ರಕ್ತ ಇನ್ನಷ್ಟು ದೂರ ಹರಿಯಿತು, ಅಷ್ಟೇ. ಟೈರಿನವನು ಜ್ಯಾಕಿನ ರಾಡಿನಿಂದ ಪಿಸ್ಟನ್ನನ ಬೆನ್ನಿಗೆ ಬಾರಿಸಿದ. ಪ್ರತಿ ಏಟಿಗೂ ದವಡೆ ಇನ್ನಷ್ಟು ಬಿಗಿಯಿತು.

ನೀವು ಓಡಿಬಂದು ಆ ದವಡೆಯೊಳಗೆ ಬರಿಗೈ ಹಾಕಿದಿರಿ. ಒಣಕಡ್ಡಿ ಮುರಿದಂತಹ ಸದ್ದು ನನಗೆ ಮೇಲಕ್ಕೂ ಕೇಳಿಸಿತು. ಎರಡು ಬೆರಳು. ಆಮೇಲೆ ನಡೆದದ್ದನ್ನು ನೀವು ಯಾರ ಹತ್ತಿರವೂ ಹೇಳಿರಲಾರಿರಿ, ಡಾಕ್ಟರ ಹತ್ತಿರವೂ. ಪಿಸ್ಟನ್ ಬಾಯಿ ಬಿಟ್ಟ. ನಿಮ್ಮ ಕೈಯೆಂದು ತಿಳಿದ ಕೂಡಲೇ ಬಿಟ್ಟ. ಬಾಲ ಒಳಕ್ಕೆಳೆದುಕೊಂಡು ನಿಮ್ಮ ಕಾಲ ಬುಡದಲ್ಲಿ ಮಲಗಿದ. ಕಾದಾಟ ಮುಗಿದಿತ್ತು, ಮಾವ. ಮುಗಿದ ಮೇಲೆ ನೀವು ಟೈರಿನವನ ಕೈಯಿಂದ ರಾಡ್ ಕಿತ್ತುಕೊಂಡಿರಿ. ಪಿಸ್ಟನ್‌ನನ್ನು ಎಡಗೈಯಲ್ಲಿ ಹೊಡೆದಿರಿ, ಬಲಗೈಯಿಂದ ನಿಮ್ಮದೇ ರಕ್ತ ಅವನ ಮೇಲೆ ಸುರಿಯುತ್ತಿತ್ತು. ಪಕ್ಕೆಲುಬು ಮುರಿಯುವಷ್ಟು ಹೊಡೆದಿರಿ. ಅವನು ತಿರುಗಿ ಗುರ್ ಎನ್ನಲೂ ಇಲ್ಲ. ಕೊನೆಗೆ ಟೈರಿನವನೇ "ಸಾಕು ಬಿಡಿ ಯಜಮಾನ್ರೇ, ಸತ್ತೋಗತ್ತೆ" ಎಂದು ನಿಮ್ಮನ್ನು ಹಿಡಿದುಕೊಂಡ. ಅವನ ನಾಯಿಯ ಕಿವಿ ಹೋಗಿದೆ, ಅವನಿಗೇ ಕರುಣೆ ಬಂತು ನೋಡಿ.

ಪ್ರಜ್ಞೆ ತಪ್ಪಿದ ಪಿಸ್ಟನ್‌ನನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಅತ್ತೆ ಮತ್ತು ನಾನು ಡಾಕ್ಟರಮ್ಮನ ಬಳಿ ಓಡಿದೆವು. ಔಷಧಿಯ ಲೆಕ್ಕಕ್ಕೆ ಅವರು ತೂಕ ನೋಡಿದರು. ಸರಿಯಾಗಿ ನಲವತ್ತು. "ಇವನು ಬೆಳೆದು ನಿಂತು ಎಷ್ಟೋ ತಿಂಗಳಾಗಿದೆ, ಯಾಕೆ ಕರ್ಕೊಂಡು ಬರ್ಲಿಲ್ಲ?" ಎಂದು ರೇಗಿದರು. ನಾನು ನಮ್ಮ ಅಂಗಡಿಯಲ್ಲಿ ಮೂವತ್ತಾರೇ ತೋರಿಸುತ್ತದೆ ಎಂದೆ. ಡಾಕ್ಟರಮ್ಮನ ಮಿಷನ್ನೇ ಸರಿಯಿಲ್ಲವೆಂದು ಸಾಧಿಸಲು ಅತ್ತೆ ಸ್ವತಃ ಹತ್ತಿ ನಿಂತರು. ಅಂಕಿ ನೋಡಿದರು. ಇಳಿದರು. ಮತ್ತೆ ಹತ್ತಿದರು. "ಅಯ್ಯೋ ಪಾಪಿ! ಇಷ್ಟು ವರ್ಷ ನಾನು ಸಣ್ಣಗಿದೀನಿ ಅಂದ್ಕೊಂಡು ಓಡಾಡ್ತಿದ್ನಲ್ಲೇ!" ಎಂದು ಗೋಡೆ ಹಿಡಿದುಕೊಂಡರು.

ಮಾವ, ಜನ ತಂದ ಕಬ್ಬಿಣ ಹತ್ತಕ್ಕೆ ಒಂಬತ್ತೇ ತೋರಿಸಲಿ ಎಂದು ನಮ್ಮ ಅಂಗಡಿಯ ಮಿಷನ್ನಿನ ಹೊಟ್ಟೆಯಲ್ಲಿ ಕೈಚಳಕ ಮಾಡಿಸಿದವರು ನೀವೇ. ಊರಿಗೆಲ್ಲ ಗೊತ್ತಿರುವ ಗುಟ್ಟು. ನಿಮ್ಮ ನಾಯಿಯನ್ನು ಹತ್ತಿಸುವಾಗ ಮಾತ್ರ ನಿಮಗದು ಮರೆತುಹೋಯಿತು. ನಿಮ್ಮ ಕೈಗೆ ಅವನು ಬಾಯಿ ಹಾಕಿದ್ದು ನಿಜ. ಆದರೆ ಆ ಬಾಯಿ ಆ ದಿನ ಗೋಡೆಯ ಆಚೆ ಹೋಗದಂತೆ ಮಾಡಬಹುದಾಗಿದ್ದ ಕಾಲವನ್ನು ನಾವೇ ಮೊಟ್ಟೆ ಹಾಕಿ ಕಳೆದೆವು.

ಸುಳ್ಳು ಭರವಸೆ ಕೊಡುವುದಿಲ್ಲ. ಡಾಕ್ಟರಮ್ಮ ನೇರವಾಗಿ ಹೇಳಿದ್ದಾರೆ: "ಆಪರೇಷನ್ ಆದ್ರೆ ಹೆಣ್ಣಿನ ಹಿಂದೆ ಗೋಡೆ ಹಾರೋದು ಕಡಿಮೆ ಆಗಬಹುದು. ಸಿಟ್ಟೆಲ್ಲ ಹೋಗತ್ತೆ ಅಂತ ನಾನು ಹೇಳಲ್ಲ. ಹೊಡೆದು ಬೆಳೆಸಿದ್ರಂತೂ ಹೋಗಲ್ಲ." ಆಗ ಅತ್ತೆ ಕಣ್ಣೀರಿನ ಮಧ್ಯೆಯೇ, "ಹಾಗಾದ್ರೆ ಇವರನ್ನೂ ಕರ್ಕೊಂಡು ಬರ್ತೀನಿ ಡಾಕ್ಟರಮ್ಮ, ಇಬ್ರಿಗೂ ಒಟ್ಟಿಗೆ ಮಾಡಿಬಿಡಿ" ಎಂದರು. ನಾನು ನಗಲಿಲ್ಲ. ಸ್ವಲ್ಪ ನಕ್ಕೆ.

ನಿನ್ನೆ ಗ್ಯಾಸಣ್ಣ ಪೈಪ್ ಹಿಡಿದು ಬಂದ. ಅತ್ತೆ ಪಿಸ್ಟನ್ನನ ಮುಂದೆ ನಿಂತು, "ಮೊದಲು ನನ್ನ ತಲೆಗೆ ಹಾಕು, ಆಮೇಲೆ ಅದಕ್ಕೆ" ಎಂದರು. ಅವನು ಪೈಪ್ ಎತ್ತಿದ ಕೈಯನ್ನು ಇಳಿಸದೆಯೇ ಅಳತೊಡಗಿದ. "ಯಜಮಾನ್ರು ಬೇಡ ಅಂತ ಒಂದು ಮಾತು ಹೇಳ್ಲಿ ಅಮ್ಮ, ಈ ಪೈಪನ್ನ ನಾನೇ ಕೊಯ್ದು ಹಾಕ್ತೀನಿ." ನಿಮ್ಮ ಒಂದು ಮಾತಿಗೆ ಅಷ್ಟು ತೂಕವಿದೆ, ಅದೂ ಸರಿಯಾದ ಮಿಷನ್ನಿನಲ್ಲಿ.

ಮೂತ್ರದಲ್ಲಿ ರಕ್ತ ನಿಂತರೆ ಶನಿವಾರ ಆಪರೇಷನ್ ಎಂದು ಡಾಕ್ಟರಮ್ಮ ಹೇಳಿದ್ದಾರೆ. ನಿಂತಿದೆ. ತೊಡಕು ಒಂದೇ. ಹೋಗುವಾಗ ಕಚ್ಚದ ಹಾಗೆ ಅವನಿಗೆ ಬಾಯಿಕುಕ್ಕೆ ಕಟ್ಟಬೇಕು, ಮತ್ತು ಏಟು ತಿಂದ ಮೇಲೆ ಅವನು ಯಾರನ್ನೂ ಮುಖದ ಹತ್ತಿರ ಬಿಡುತ್ತಿಲ್ಲ. ಅತ್ತೆಯ ಸೆರಗು ಸೀಳಿದ, ನನ್ನ ಚಪ್ಪಲಿ ನುಂಗಿದ. ಆದರೆ ಹಗ್ಗದ ಮೇಲೆ ನೀವು ಒಗೆಯದೆ ಬಿಟ್ಟಿದ್ದ ಹಳೇ ಬನಿಯನ್ ಎಳೆದುಕೊಂಡು, ಅದರೊಳಗೆ ಮೂತಿ ತೂರಿಸಿ ಮಗುವಿನಂತೆ ಮಲಗುತ್ತಿದ್ದ, ಆಗ ಮುಖ ಮುಟ್ಟಿದರೂ ಸುಮ್ಮನಿರುತ್ತಿದ್ದ. ಅಷ್ಟು ಹೊಡೆದವರ ಬನಿಯನ್. ನನಗಂತೂ ಈ ನಾಯಿ ಅರ್ಥವಾಗಿಲ್ಲ, ನೀವೂ ಆಗಿಲ್ಲ. ಆ ಬನಿಯನ್ನನ್ನು ಅತ್ತೆ ಶುಚಿತ್ವದ ಆವೇಶದಲ್ಲಿ ಸೋಪು ಹಾಕಿ ಒಗೆದುಬಿಟ್ಟರು. ಈಗ ಅವನು ಅದನ್ನು ಮೂಸಿಯೂ ನೋಡುವುದಿಲ್ಲ.

ನಿಮ್ಮ ಉಳಿದ ಎಂಟು ಬೆರಳೂ ನೂರು ವರ್ಷ ಬಾಳಲಿ ಎಂದು ಹಾರೈಸುವ,
ನಿಮ್ಮ ಅಕ್ಕನ ಮಗಳು

ಮರೆತೆ: ನಾಳೆ ಸಂಜೆ ಅತ್ತೆ ಊಟ ತರುತ್ತಾರೆ. ಬುತ್ತಿ ವಾಪಸ್ ಕೊಡುವಾಗ, ಈಗ ಮೈಮೇಲಿರುವ ಬನಿಯನ್ನನ್ನು ಬಿಚ್ಚಿ ಅದರ ಜೊತೆಗಿಡಿ. ಗ್ಯಾಸಣ್ಣನಿಗೆ ಬೇರೆ ಮಾತು ಹೇಳಿ ಕಳಿಸಬೇಕಿಲ್ಲ, ಅದು ಬಂದರೆ ಅವನಿಗೂ ತಿಳಿಯುತ್ತದೆ. ಒಗೆಯಬೇಡಿ.